ಗುಹೆಯ ಬಾಯಲ್ಲಿ ಬರೆಸಿದ ಹೆಸರು

ಅಥವಾ ಫೋನ್ ಮಾಡಿದ್ದು ನಾನೇ ಇರಬಹುದು. ಇಷ್ಟು ವರ್ಷ ನಾನು ಹೇಳಿಕೊಂಡು ಬಂದ ಹಾಗೆ ಫೋನ್ ಮಾಡಿದ್ದು ಆ ಹುಡುಗಿಯ ತಾಯಿ. ಅವರು ಅತ್ತರು, ನಾನು ಕರಗಿದೆ, ಮರುದಿನ ಹುಡುಗಿಯನ್ನು ಕರೆದುಕೊಂಡು ಹೋದೆ. ಆದರೆ ಆ ಸಂಜೆ ನಾನು ನಿಂತಿದ್ದ ರೀತಿ ಬೇರೆಯೇ ಹೇಳುತ್ತದೆ. ಜಿದ್ದಾದ ನಮ್ಮ ಫ್ಲ್ಯಾಟಿನ ಅಡುಗೆಮನೆ, ಎಡಗೈಯಲ್ಲಿ ದೋಸೆ ಹಿಟ್ಟಿನ ಸೌಟು, ಬಲಗೈಯ ಹೆಬ್ಬೆರಳು ಫೋನಿನಲ್ಲಿ ನಂಬರು ಹುಡುಕುತ್ತಿದೆ. ಬಂದ ಫೋನಿಗೆ ಯಾರೂ ನಂಬರು ಹುಡುಕುವುದಿಲ್ಲ. ಹಾಗಾದರೆ ಆ ಯೋಚನೆ ಹುಟ್ಟಿದ್ದು ನನ್ನ ತಲೆಯಲ್ಲಿ. ಅತ್ತ ತಾಯಿಯನ್ನು ನಾನು ಆಮೇಲೆ ತಂದು ಮುಂದೆ ನಿಲ್ಲಿಸಿಕೊಂಡೆ. ಇಲ್ಲವೆ ಆ ಸೌಟು ಬೇರೆ ಯಾವುದೋ ಸಂಜೆಯದು.

ಸದ್ಯಕ್ಕೆ ಫೋನ್ ಮಾಡಿದ್ದು ನಾನು ಎಂದೇ ಇಟ್ಟುಕೊಳ್ಳುತ್ತೇನೆ.

ಎರಡು ಸಾವಿರದ ಹತ್ತರ ನಂತರದ ವರ್ಷಗಳವು. ನಾನು ಅಲ್ಲಿನ ಒಂದು ಇಂಡಿಯನ್ ಶಾಲೆಯಲ್ಲಿ ಐದನೇ ತರಗತಿಯ ಹುಡುಗಿಯರಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಹೆಸರುಗಳನ್ನು ಬರೆಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ಎಲ್ಲರಿಗೂ ಒಂದು ರೋಲ್ ನಂಬರ್ ಇತ್ತಲ್ಲ, ಅಷ್ಟು ಸಾಕು. ಈ ಹುಡುಗಿ ಹದಿನೇಳು. ಕಾಯಿಲೆ ಬಿದ್ದು ಮನೆಯಲ್ಲಿ ಉಳಿದವಳು ಇಪ್ಪತ್ತಮೂರು. ನನ್ನ ಮಗಳೂ ಅದೇ ತರಗತಿಯಲ್ಲಿದ್ದಳು. ಅವಳನ್ನು ಮಗಳು ಎಂದೇ ಕರೆಯುತ್ತೇನೆ. ಈಗ ದೊಡ್ಡವಳಾಗಿರುವ ಅವಳು ನಾನು ಹೇಳುವ ಅರ್ಧವನ್ನು ಒಪ್ಪುವುದಿಲ್ಲ.

ಆ ವರ್ಷ ಪಾಠದಲ್ಲಿ ಎರಡು ಅಧ್ಯಾಯ ಒಂದರ ಹಿಂದೆ ಒಂದು ಇದ್ದವು, ಗುಹೆಗಳು ಮತ್ತು ಹುಲ್ಲುಗಾವಲಿನ ಪ್ರಾಣಿಗಳು. ಜಿದ್ದಾದ ಮಕ್ಕಳಿಗೆ ಹುಲ್ಲೆಂದರೆ ಕಡಲ ಬದಿಯ ಕಾರ್ನಿಶ್ ರಸ್ತೆಯಲ್ಲಿ ಪೈಪ್ ನೀರು ಕುಡಿದು ಬದುಕುವ ಚೌಕ. ತಾಯಿಫ್ ದಾಟಿ ಪೂರ್ವಕ್ಕೆ ಹೋದರೆ ಬೇಲಿ ಹಾಕಿ ಕಾಪಾಡಿದ ಬಯಲೊಂದಿದೆ, ಚಳಿಗಾಲದ ಮಳೆಯ ನಂತರ ಅಲ್ಲಿ ಹುಲ್ಲು ಬರುತ್ತದೆ, ಅದರ ಅಂಚಿನಲ್ಲಿ ಲಾವಾ ಹರಿದು ಆದ ಗುಹೆಯೂ ಇದೆ ಎಂದು ಯಾರೋ ಹೇಳಿದರು. ಶಾಲೆ ಒಪ್ಪಿತು. ಪ್ರತಿ ಹುಡುಗಿಯದೂ ಚಾಲ್ತಿಯಲ್ಲಿರುವ ಇಕಾಮಾದ ಪ್ರತಿ ಬೇಕು, ಹೆಸರುಗಳ ಪಟ್ಟಿಯನ್ನು ಅರಬ್ಬಿಯಲ್ಲಿ ಟೈಪ್ ಮಾಡಿ ಮೊಹರು ಹಾಕಿಸಬೇಕು. ದಾರಿಯಲ್ಲಿ ಪೊಲೀಸ್ ಚೆಕ್‌ಪಾಯಿಂಟ್ ಇತ್ತು.

ಹದಿನೇಳರ ಇಕಾಮಾ ಮುಗಿದು ಏಳೆಂಟು ತಿಂಗಳಾಗಿತ್ತು. ಆ ದೇಶದಲ್ಲಿ ನಾವು ಇರಬಹುದು ಎಂದು ಹೇಳುವ ಕಾರ್ಡು ಅದೊಂದೇ. ತಂದೆಯದು ಮುಗಿದರೆ ಮಕ್ಕಳದೂ ಮುಗಿಯುತ್ತದೆ. ತಂದೆ ರಾಬಿಗ್‌ನಲ್ಲಿ ಪೈಪ್ ಬೆಸೆಯುವ ಕೆಲಸದಲ್ಲಿದ್ದರು. ಅವರ ಕಫೀಲ್, ಅಂದರೆ ಯಾರ ಹೆಸರಿನಲ್ಲಿ ಅವರ ವೀಸಾ ಇತ್ತೋ ಆ ಮನುಷ್ಯ, ಫೋನ್ ಎತ್ತುವುದನ್ನು ನಿಲ್ಲಿಸಿದ್ದ. ಅವರು ಎರಡು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದವರು ಹೆದ್ದಾರಿಯ ತಪಾಸಣೆಗೆ ಹೆದರಿ ಬರುವುದನ್ನೇ ಬಿಟ್ಟಿದ್ದರು. ಶಾಲೆಯ ಆಫೀಸು ಹದಿನೇಳರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿತು. ಆಫೀಸಿನವರು ಕೆಟ್ಟವರಲ್ಲ. ಸಿಕ್ಕಿಬಿದ್ದರೆ ಮೊದಲು ತಂದೆಯನ್ನು ಹುಡುಕಿಕೊಂಡು ಹೋಗುತ್ತಾರೆ, ಆಮೇಲೆ ತಾಯಿ ಮಗಳನ್ನು ಯಾವುದೋ ಕಚೇರಿಯ ಬೆಂಚಿನಲ್ಲಿ ಕೂರಿಸುತ್ತಾರೆ ಎಂದು ಅವರಿಗೂ ಗೊತ್ತಿತ್ತು.

ಹುಡುಗಿ ಅಳಲಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಗುಹೆಯ ಚಿತ್ರ ಮಾತ್ರ ಪ್ರತಿದಿನ ಬೆಳೆಯಿತು. ಸೋಮವಾರ ಬರೀ ಒಂದು ತೂತು, ಮಂಗಳವಾರ ಒಳಗೆ ಬಾವಲಿಗಳು, ಬುಧವಾರ ಒಂದು ಕತ್ತೆಕಿರುಬ. ಪ್ರವಾಸದ ಹಿಂದಿನ ಸಂಜೆ ಇಪ್ಪತ್ತಮೂರರ ತಾಯಿ, ಮಗಳ ಮೈಮೇಲೆ ಗುಳ್ಳೆ ಎದ್ದಿದೆ, ಚಿಕನ್ ಪಾಕ್ಸ್ ಇರಬೇಕು ಎಂದು ತಿಳಿಸಿದರು. ಪಟ್ಟಿಗೆ ಮೊಹರು ಬಿದ್ದಾಗಿತ್ತು. ಇಪ್ಪತ್ತಮೂರರ ಇಕಾಮಾದ ಪ್ರತಿ ನನ್ನ ಪ್ಲಾಸ್ಟಿಕ್ ಫೈಲಿನಲ್ಲಿತ್ತು. ಅದರಲ್ಲಿದ್ದ ಫೋಟೋ ಎರಡು ವರ್ಷದ ಕೂಸಿನದು. ಮೂರು ಸಲ ಜೆರಾಕ್ಸ್ ಆಗಿ ಬಂದ ಆ ಕಪ್ಪು ಮುಖ ಯಾರದು ಬೇಕಾದರೂ ಆಗಬಹುದಿತ್ತು.

"ನಾಳೆ ಬೆಳಿಗ್ಗೆ ನಾಲ್ಕೂವರೆಗೆ ಅವಳನ್ನು ಗೇಟಿನ ಹತ್ತಿರ ಕಳಿಸಿ," ಎಂದು ಹದಿನೇಳರ ತಾಯಿಗೆ ಹೇಳಿದೆ.

ಅವರು, "ಟೀಚರ್, ಎಂತಾದ್ರೂ ಆದ್ರೆ?" ಎಂದರು.

"ಎಂತ ಆಗ್ತದೆ? ಇಪ್ಪತ್ತೆಂಟು ಮಕ್ಕಳು. ಒಂದೊಂದರ ಮುಖ ಯಾರು ನೋಡ್ತಾರೆ?"

"ನೋಡಿದ್ರೆ?"

"ನಾನಿದ್ದೇನಲ್ಲ."

ಈ ಕೊನೆಯ ಮಾತನ್ನು ನಾನು ಹೇಳಿದೆ ಎಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಯಾಕೆಂದರೆ ಅದು ಖಾಲಿ ಮಾತಾಗಿತ್ತು, ಮತ್ತು ಹೇಳುವಾಗಲೇ ನನಗದು ಗೊತ್ತಿತ್ತು. ನನ್ನ ಇಕಾಮಾ ಗಂಡನ ಇಕಾಮಾಕ್ಕೆ ಅಂಟಿಕೊಂಡಿತ್ತು. ಪೊಲೀಸರ ಎದುರು ನಿಂತು ಹೇಳಲು ನನ್ನಲ್ಲಿ ಅರಬ್ಬಿಯ ನಾಲ್ಕು ವಾಕ್ಯಗಳೂ ಇರಲಿಲ್ಲ.

*

ಬಸ್ಸಿನ ಚಾಲಕರು ಬಂಟ್ವಾಳ ಕಡೆಯ ಬ್ಯಾರಿ. ಹದಿನೆಂಟು ವರ್ಷದಿಂದ ಅಲ್ಲಿದ್ದರು. ದಿನವೂ ಮಕ್ಕಳನ್ನು ಕರೆತರುತ್ತಿದ್ದವರು ಅವರೇ ಆದ್ದರಿಂದ ಯಾರು ಯಾರೆಂದು ನನಗಿಂತ ಚೆನ್ನಾಗಿ ಗೊತ್ತಿತ್ತು. ಮೆಟ್ಟಿಲು ಹತ್ತುತ್ತಿದ್ದ ಹದಿನೇಳನ್ನು ಕನ್ನಡಿಯಲ್ಲಿ ನೋಡಿ ನನ್ನ ಕಡೆ ತಿರುಗಿದರು.

"ಟೀಚರೇ, ಈ ಮಗುವಿಗೆ ಆಫೀಸಲ್ಲಿ ಇಲ್ಲ ಅಂತ ಹೇಳಿದ್ರಲ್ಲಾ?"

"ಈಗ ಉಂಟು."

"ಲಿಸ್ಟಲ್ಲಿ?"

"ಒಬ್ಬಳ ಜಾಗದಲ್ಲಿ ಇವಳು."

ಅವರು ಗೇರ್ ಹಾಕಿದರು, ಮತ್ತೆ ತೆಗೆದರು. "ತಲೆ ಎಣಿಸಿದ್ರೆ ಸರಿಯಾಗ್ತದೆ. ಹೆಸರು ಕೇಳಿದ್ರೆ ಕಷ್ಟ ಉಂಟು ಮಾರಾಯ್ರೆ."

"ಹಿಂದೆ ಹೋಗುವ ಅಂತೀರಾ?"

"ನಾನು ಎಂತದೂ ಹೇಳ್ಲಿಲ್ಲ. ನನಗೆ ಸ್ಟಿಯರಿಂಗ್ ಕೊಟ್ಟಿದ್ದಾರೆ, ಅದೊಂದು ಹಿಡ್ಕೊಂಡಿದ್ದೇನೆ. ಯಲ್ಲಾ, ಹೊರಡುವ, ಬಾಗಿಲು ಹಾಕಿ."

ಮಕ್ಕಳಿಗೆ ಏನು ಹೇಳುವುದೆಂದು ನಾನು ರಾತ್ರಿಯಿಂದ ಯೋಚಿಸಿದ್ದೆ. ಕೊನೆಗೆ, ಇವತ್ತೊಂದು ದಿನ ಇವಳನ್ನು ಇಪ್ಪತ್ತಮೂರರ ಹೆಸರಿನಿಂದ ಕರೆಯಬೇಕು, ಯಾರು ಮರೆಯುತ್ತಾರೋ ಅವರಿಗೆ ಚಿಪ್ಸ್ ಇಲ್ಲ, ಎಂದು ಆಟ ಮಾಡಿದೆ. ಅವರಿಗೆ ಅದು ತುಂಬ ಹಿಡಿಸಿತು. ಇಪ್ಪತ್ತಮೂರಕ್ಕೆ ಜಡೆಯ ತುದಿ ಕಚ್ಚುವ ಅಭ್ಯಾಸವಿತ್ತು. "ಏ, ಜಡೆ ಕಚ್ಚು! ಇಲ್ಲದಿದ್ರೆ ಗೊತ್ತಾಗ್ತದೆ!" ಎಂದು ಯಾರೋ ಕೂಗಿದರು. ಹದಿನೇಳು ನಿಜವಾಗಿ ಜಡೆ ಕಚ್ಚಿದಳು, ಬಸ್ಸಿಡೀ ನಕ್ಕಿತು. ಅವಳೂ ನಕ್ಕಳು. ನಾನು ಅವಳ ಪಕ್ಕ ಹೋಗಿ ಬಗ್ಗಿ ಮೆಲ್ಲಗೆ, "ದೊಡ್ಡವರು ಯಾರಾದರೂ ಕೇಳಿದರೂ ಅದೇ ಹೆಸರು. ಆಯ್ತಾ?" ಎಂದೆ. ಅವಳು ನಗು ನಿಲ್ಲಿಸಿ ನನ್ನನ್ನು ನೋಡಿದಳು. ಹತ್ತು ವರ್ಷದ ಹುಡುಗಿ. ಇದು ಆಟವಲ್ಲ ಎಂದು ಅವಳಿಗೆ ತಿಳಿದದ್ದು ಆಗಲೇ ಇರಬೇಕು. ಅಥವಾ ಅವಳಿಗೆ ತಿಂಗಳುಗಳ ಹಿಂದೆಯೇ ತಿಳಿದಿತ್ತು, ತಡವಾಗಿ ತಿಳಿದದ್ದು ನನಗೆ.

ನಾನೂ ಕೆಲವು ಮಕ್ಕಳೂ ಮುಸ್ಲಿಮರಲ್ಲದ ಕಾರಣ ಬಸ್ಸು ಮಕ್ಕಾದ ಹೊರಗಿನಿಂದ ಸುತ್ತುವ ದಾರಿ ಹಿಡಿಯಿತು. ಚೆಕ್‌ಪಾಯಿಂಟಿನಲ್ಲಿ ಒಬ್ಬ ಪೊಲೀಸ್ ಹತ್ತಿದ. ನಾನು ಫೈಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಅವನು ಪಟ್ಟಿ ತೆಗೆದುಕೊಂಡು, ಬೆರಳಿನಿಂದ ಗಾಳಿಯಲ್ಲಿ ತಲೆ ಎಣಿಸುತ್ತಾ ಹಿಂದಿನ ಸೀಟಿನವರೆಗೆ ಹೋದ. ಹದಿನೇಳರ ಪಕ್ಕ ನನ್ನ ಮಗಳಿದ್ದಳು. ಹದಿನೇಳರ ಜಡೆ ಇನ್ನೂ ಬಾಯಲ್ಲೇ ಇತ್ತು. ಅವನು ತಿರುಗಿ ಬಂದ, ಪಟ್ಟಿ ಕೊಟ್ಟ, ಇಳಿದ. ಚಾಲಕರು ಜೋರಾಗಿ ಉಸಿರು ಬಿಟ್ಟು ಕನ್ನಡಿಯಲ್ಲಿ ನನಗೆ ಹೇಳಿದರು, "ಹೋಗುವಾಗ ಆಯ್ತು. ಬರುವಾಗ ಇನ್ನೊಂದು ಉಂಟು."

ಘಾಟಿಯಲ್ಲಿ ರಸ್ತೆಯ ಗೋಡೆಯ ಮೇಲೆ ಮಂಗಗಳು ಸಾಲಾಗಿ ಕುಳಿತಿದ್ದವು. ಜೊತೆಗಿದ್ದ ಇನ್ನೊಬ್ಬ ಟೀಚರಿಗೆ ಅಲ್ಲಿ ತಲೆ ಸುತ್ತಿತು. ಇಡೀ ದಿನ ಅವರು ಬಸ್ಸಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ಹಾಗಾಗಿ ಮುಂದಿನದಕ್ಕೆಲ್ಲ ದೊಡ್ಡವರಲ್ಲಿ ಸಾಕ್ಷಿ ನಾನೊಬ್ಬಳೇ, ಅದೂ ಇಂಥ ಸಾಕ್ಷಿ.

*

ಬಯಲು ಹಸಿರಾಗಿತ್ತು ಎಂದು ಬರೆಯಲು ಹೊರಟಿದ್ದೆ. ಹಸಿರಲ್ಲ. ಕಪ್ಪು ಕಲ್ಲುಗಳ ನಡುವೆ ಹಳದಿಗೆ ತಿರುಗುತ್ತಿದ್ದ ಮೊಣಕಾಲೆತ್ತರದ ಹುಲ್ಲು, ಗಾಳಿಗೆ ಒಂದೇ ಕಡೆ ಬಾಗಿತ್ತು. ಅಷ್ಟು ದೂರದವರೆಗೆ ಕಟ್ಟಡವಿಲ್ಲದ್ದನ್ನು ಮಕ್ಕಳಲ್ಲಿ ಹೆಚ್ಚಿನವರು ವಿಮಾನದ ಕಿಟಕಿಯಿಂದ ಮಾತ್ರ ನೋಡಿದ್ದರು.

ತೋರಿಸಲು ಬಂದವರು ಸುಡಾನಿನ ಒಬ್ಬ ಹಿರಿಯರು. ಎತ್ತರದ ಮನುಷ್ಯ, ತಲೆಗೆ ಬಿಳಿ ಮುಂಡಾಸು, ಕಾಲಿಗೆ ಹರಿದ ಕ್ಯಾನ್ವಾಸ್ ಬೂಟು. ಅವರ ಇಂಗ್ಲಿಷ್ ನಿಧಾನವಾಗಿ, ಒಂದೊಂದು ಶಬ್ದವನ್ನೂ ನೆಲಕ್ಕಿಟ್ಟಂತೆ ಬರುತ್ತಿತ್ತು. ಅದನ್ನು ಇಲ್ಲಿ ನಾನು ಕನ್ನಡ ಮಾಡುತ್ತಿದ್ದೇನೆ.

ಮೊದಲು ಒಂದು ಬಿಲ ತೋರಿಸಿದರು. ಅದರ ಬಾಯಲ್ಲಿ ನಮ್ಮ ಉಡದಂಥ, ಮುಳ್ಳುಬಾಲದ ಪ್ರಾಣಿಯೊಂದು ಬಿಸಿಲು ಕಾಯುತ್ತಿತ್ತು. ಅದಕ್ಕೆ ಅಲ್ಲಿ ದಬ್ ಎನ್ನುತ್ತಾರೆ. "ಇದು ನೀರು ಕುಡಿಯುವುದು ತೀರ ಕಡಿಮೆ. ತಿನ್ನುವ ಎಲೆಯಲ್ಲಿ ಇದ್ದಷ್ಟೇ ಸಾಕು. ಇದಕ್ಕೆ ಮರೆವು ಹೆಚ್ಚು ಎಂದು ಮರಳುಗಾಡಿನ ಬೆದುವಿನ್ ಜನ ಹೇಳುತ್ತಾರೆ. ಅದಕ್ಕೇ ಬಿಲವನ್ನು ದೊಡ್ಡ ಕಲ್ಲಿನ ಪಕ್ಕ ತೋಡುತ್ತದಂತೆ, ಗುರುತಿಗೆ."

"ಕಲ್ಲನ್ನು ಯಾರಾದರೂ ತೆಗೆದರೆ?" ಕೇಳಿದವಳು ಹದಿನೇಳು.

"ನಾನು ಯಾರಿಗೂ ತೆಗೆಯಲು ಬಿಡುವುದಿಲ್ಲ," ಎಂದರು ಹಿರಿಯರು.

ಆಮೇಲೆ ಓರಿಕ್ಸ್, ಅಲ್ಲಿನ ದೊಡ್ಡ ಹುಲ್ಲೆ. ಬಿಳಿ ಮೈ, ಕಪ್ಪು ಕಾಲು, ಕತ್ತಿಯಂಥ ನೇರ ಕೊಂಬು. ದೂರದಲ್ಲಿ ಏಳೆಂಟು ನಿಂತಿದ್ದವು. ಮಳೆ ಎಲ್ಲಿ ಬಿದ್ದಿದೆ ಎಂದು ಅವಕ್ಕೆ ಬಹಳ ದೂರದಿಂದ ವಾಸನೆ ಸಿಗುತ್ತದೆ, ಹುಲ್ಲು ಹುಟ್ಟುವ ಹೊತ್ತಿಗೆ ನಡೆದು ತಲುಪುತ್ತವೆ ಎಂದರು. ಈ ನೆಲದಲ್ಲಿ ಒಂದೂ ಉಳಿಯದಂತೆ ಬೇಟೆಯಾಡಿಬಿಟ್ಟಿದ್ದರು, ಬೇರೆ ದೇಶಗಳಲ್ಲಿ ಸಾಕಿ ಉಳಿಸಿದ್ದನ್ನು ವಾಪಸು ತಂದು ಬಿಟ್ಟಿದ್ದಾರೆ ಎಂದರು. ದುರ್ಬೀನು ಒಬ್ಬರಿಂದ ಒಬ್ಬರಿಗೆ ಹೋಯಿತು. ಪ್ರಾಣಿಗಳ ಕಿವಿಯಲ್ಲಿ ಹಳದಿ ಬಿಲ್ಲೆ, ಅದರ ಮೇಲೆ ನಂಬರು.

"ಮ್ಯಾಮ್, ಅದಕ್ಕೂ ಇಕಾಮಾ ಉಂಟು!" ಎಂದಳು ಒಬ್ಬಳು. ಎಲ್ಲರೂ ನಕ್ಕರು. ಹಿರಿಯರು ಏನೆಂದು ಕೇಳಿದರು; ಮಗಳು ಹೇಳಿದಳು. ಅವರೂ ನಕ್ಕು, ತಮ್ಮ ಜೇಬಿನಿಂದ ತಮ್ಮ ಇಕಾಮಾ ತೆಗೆದು ಕಿವಿಯ ಪಕ್ಕ ಹಿಡಿದು ತೋರಿಸಿದರು.

ನಾನು ಇದನ್ನು ಹೇಳುವಾಗಲೆಲ್ಲ ಇಲ್ಲೊಂದು ಕರುವನ್ನು ಸೇರಿಸುತ್ತೇನೆ. ಆ ಋತುವಿನಲ್ಲಿ ಹುಟ್ಟಿದ, ಕಂದು ಬಣ್ಣದ, ಕಿವಿಗೆ ಇನ್ನೂ ಬಿಲ್ಲೆ ಬೀಳದ ಕರು. ಹದಿನೇಳು ದುರ್ಬೀನನ್ನು ಅದರ ಮೇಲೆಯೇ ಇಟ್ಟು ಕೆಳಗಿಳಿಸಲಿಲ್ಲ ಎನ್ನುತ್ತೇನೆ. ಬರೆಯಲು ಕೂತಾಗ ಈ ಕರು ನನಗೆ ಅತಿಯಾಗಿ ಹೊಂದಿಕೊಳ್ಳುತ್ತಿದೆ ಅನಿಸಿತು. ಮಗಳಿಗೆ ಫೋನ್ ಮಾಡಿ ಕೇಳಿದೆ.

"ಯಾವ ಕರು? ಅಮ್ಮಾ, ನೀನು ಎಲ್ಲದಕ್ಕೂ ಒಂದು ಕರು ತರ್ತಿ."

ಆದ್ದರಿಂದ ಕರುವನ್ನು ಇಲ್ಲಿಗೆ ಬಿಡುತ್ತೇನೆ. ಇದ್ದಿರಲೂಬಹುದು.

*

ಗುಹೆಯ ಬಾಯಿ ನೆಲದಲ್ಲೇ ಇತ್ತು, ಛಾವಣಿ ಕುಸಿದು ಆದ ದೊಡ್ಡ ಗುಂಡಿಯಂತೆ. ಇಳಿಯಲು ಕಲ್ಲಿನ ಮೆಟ್ಟಿಲು ಮಾಡಿದ್ದರು. ಮೇಲೆ ತಗಡಿನ ನೆರಳಿನ ಕೆಳಗೆ ಒಂದು ಮಡಚುವ ಮೇಜು, ಮೇಜಿನ ಪಕ್ಕ ಹಲಗೆಯಲ್ಲಿ ಮೊಳೆಗಳಿಗೆ ನೇತುಹಾಕಿದ ತಗಡಿನ ಬಿಲ್ಲೆಗಳು, ಮೇಜಿನ ಮೇಲೆ ಉದ್ದನೆಯ ಪುಸ್ತಕ. ಒಳಗೆ ಹೋಗುವ ಪ್ರತಿಯೊಬ್ಬರೂ ಒಂದು ಬಿಲ್ಲೆ ತೆಗೆದುಕೊಳ್ಳಬೇಕು. ಹಿರಿಯರು ಅದರ ಎದುರು ಹೆಸರು ಬರೆದುಕೊಳ್ಳುತ್ತಾರೆ. ಮೇಲೆ ಬಂದಾಗ ಎಲ್ಲ ಮೊಳೆಗಳೂ ತುಂಬಬೇಕು. ಅದು ಅವರ ಪದ್ಧತಿ. ಶಾಲೆಯ ಪಟ್ಟಿ ನನ್ನಲ್ಲಿದೆ, ಅದನ್ನೇ ನೋಡಿ ಬರೆದುಕೊಳ್ಳಬಹುದಲ್ಲ ಎಂದೆ.

"ಕಾಗದದ ಹೆಸರು ಗೇಟಿಗೆ," ಎಂದರು. ಆಮೇಲೆ ಮಕ್ಕಳ ಕಡೆ ತಿರುಗಿ ಜೋರಾಗಿ ಹೇಳಿದರು, "ನನಗೆ ನಿಮ್ಮ ತಾಯಿ ಮನೆಯಲ್ಲಿ ಕರೆಯುವ ಹೆಸರು ಬೇಕು. ಕತ್ತಲಲ್ಲಿ ದಾರಿ ತಪ್ಪಿದವರು ಹೆದರಿರುತ್ತಾರೆ. ಹೆದರಿದವರು ತಮ್ಮದೇ ಹೆಸರಿಗೆ ಮಾತ್ರ ಓಗೊಡುತ್ತಾರೆ. ಬೇರೆ ಯಾವ ಹೆಸರು ಕರೆದರೂ ಸುಮ್ಮನೆ ಕೂತಿರುತ್ತಾರೆ. ನಾನು ನೋಡಿದ್ದೇನೆ."

ಮಕ್ಕಳು ಸಾಲಾಗಿ ನಿಂತರು. ನಾನು ಮೇಜಿನಿಂದ ಹದಿನೈದು ಹೆಜ್ಜೆ ದೂರದಲ್ಲಿ, ಬಿದ್ದು ಮೊಣಕಾಲು ಕೆರೆದುಕೊಂಡ ಒಬ್ಬಳ ಗಾಯಕ್ಕೆ ಪಟ್ಟಿ ಅಂಟಿಸುತ್ತಿದ್ದೆ. ಹದಿನೇಳರ ಸರದಿ ಬಂತು. ಹಿರಿಯರು ಪೆನ್ನು ಹಿಡಿದು ಕಾದರು. ಅವಳು ತಿರುಗಿ ನನ್ನನ್ನು ನೋಡಿದಳು.

ಆ ನೋಟವನ್ನು ನಾನು ಬಹಳ ಸಲ ಬಿಡಿಸಿದ್ದೇನೆ. ಬೆಳಿಗ್ಗೆ ನಾನು ಒಂದು ಹೆಸರು ಕೊಟ್ಟಿದ್ದೆ. ಈಗ ಈ ಮನುಷ್ಯ, ಕತ್ತಲೆಗೆ ಇಳಿಸುವ ಮನುಷ್ಯ, ಇನ್ನೊಂದು ಕೇಳುತ್ತಿದ್ದರು. ಯಾವುದು ಹೇಳಲಿ ಎಂದು ಅವಳು ಕೇಳುತ್ತಿದ್ದಳು. ನಾನು ತಲೆಯಾಡಿಸಿದೆ.

ನಮ್ಮ ಕಡೆಯ ತಲೆಯಾಟ ಎಂಥದ್ದೆಂದು ನಮಗೆಲ್ಲ ಗೊತ್ತು. ಮೇಲೂ ಅಲ್ಲ, ಕೆಳಗೂ ಅಲ್ಲ, ಎಡಬಲವೂ ಅಲ್ಲ. ಹೌದು, ಆಯ್ತು, ಇರಲಿ, ಹೇಳು, ನೋಡುವ, ಎಲ್ಲಕ್ಕೂ ಅದೊಂದೇ. ಕ್ಲಾಸಿನಲ್ಲಿ ಮಕ್ಕಳು ನನ್ನನ್ನು ಅಣಕಿಸುತ್ತಿದ್ದದ್ದೂ ಹಾಗೆಯೇ. ಉತ್ತರ ಗೊತ್ತಿಲ್ಲದಾಗ ನಾನು ಮಾಡುತ್ತಿದ್ದುದೂ ಅದನ್ನೇ. ಒಂದು ಮಗು ತನ್ನ ಹೆಸರೇನೆಂದು ನನ್ನನ್ನು ಕೇಳಿತು, ನಾನು ತಲೆಯನ್ನು ಹಾಗೆ ಒಮ್ಮೆ ಓಲಾಡಿಸಿದೆ.

ಅವಳು ಮೇಜಿನ ಕಡೆ ತಿರುಗಿ ಏನೋ ಹೇಳಿದಳು. ಹಿರಿಯರು ಬರೆದುಕೊಂಡರು. ಅರಬ್ಬಿಯಲ್ಲಿ, ಬಲದಿಂದ ಎಡಕ್ಕೆ. ಅಷ್ಟು ವರ್ಷ ಅಲ್ಲಿದ್ದೂ ನನಗೆ ಅಂಗಡಿಯ ಬೋರ್ಡುಗಳಾಚೆ ಆ ಲಿಪಿ ಬರುತ್ತಿರಲಿಲ್ಲ.

ಒಳಗೆ ತಂಪಿತ್ತು. ಹೊರಗಿನ ಬಿಸಿಲು ಮೆಟ್ಟಿಲಿನ ಅರ್ಧದಲ್ಲೇ ನಿಂತುಬಿಟ್ಟಿತು. ಹಿರಿಯರು ದೀಪವನ್ನು ಗೋಡೆಗೆ ಹಿಡಿದು ವಿವರಿಸಿದರು. ಕರಗಿದ ಕಲ್ಲು ಹೊಳೆಯಂತೆ ಹರಿಯುವಾಗ ಮೇಲಿನ ಪದರ ಗಾಳಿಗೆ ತಣಿದು ಗಟ್ಟಿಯಾಯಿತು. ಒಳಗಿನದು ಹರಿದು ಮುಂದೆ ಹೋಯಿತು. ಉಳಿದದ್ದು ಈ ಕೊಳವೆ. ಗೋಡೆಯ ಮೇಲೆ ಹರಿದ ಮಟ್ಟದ ಗೆರೆಗಳು, ಬಕೆಟ್ಟಿನಲ್ಲಿ ನೀರು ಇಳಿದಾಗ ಉಳಿಯುವಂಥವು. ಸುಣ್ಣದ ಕಲ್ಲಿನ ಗುಹೆಯ ಬಗ್ಗೆ ನಾನು ಕ್ಲಾಸಿನಲ್ಲಿ ಹೇಳಿದ್ದೆಲ್ಲ, ಹನಿ ಹನಿ ನೀರು, ಸಾವಿರಾರು ವರ್ಷ ಬೆಳೆಯುವ ಕಂಬಗಳು, ಇಲ್ಲಿ ಸುಳ್ಳಾಯಿತು. ಇದು ಕೆಲವೇ ದಿನಗಳಲ್ಲಿ ಆದ ಗುಹೆ ಇದ್ದರೂ ಇರಬಹುದು ಎಂದರು. ಒಬ್ಬಳು ನನ್ನ ಅಬಾಯದ ತೋಳು ಎಳೆದು, "ಮ್ಯಾಮ್, ಎಕ್ಸಾಮಲ್ಲಿ ಯಾವುದು ಬರೀಬೇಕು?" ಎಂದಳು.

ಇನ್ನೂ ಒಳಗೆ ಮೂಳೆಗಳಿದ್ದವು. ರಾಶಿ ರಾಶಿ. ಒಂಟೆಯ ದವಡೆ, ಜಿಂಕೆಯ ಕಾಲು, ಕತ್ತೆಯ ಬೆನ್ನುಮೂಳೆ. ಕತ್ತೆಕಿರುಬಗಳು ತಲೆಮಾರುಗಳಿಂದ ಎಳೆದು ತಂದು ಗುಡ್ಡೆ ಹಾಕಿದ್ದು. ಒಣ ಗಾಳಿಗೆ ಒಂದೂ ಕೊಳೆತಿರಲಿಲ್ಲ.

"ಸಿಕ್ಕಿದ ಜಾಗದಲ್ಲೇ ಯಾಕೆ ತಿನ್ನುವುದಿಲ್ಲ?" ಹದಿನೇಳು ಕೇಳಿದಳು.

"ಹೊರಗೆ ತಿಂದರೆ ಬೇರೆಯವರು ಬರುತ್ತಾರೆ, ಓಡಿಸುತ್ತಾರೆ. ಇಲ್ಲಿ ಮರಿಗಳಿವೆ. ಇಲ್ಲಿ ಯಾರೂ ಕೇಳುವುದಿಲ್ಲ."

"ಈಗ ಅದು ಎಲ್ಲಿದೆ?"

"ಹಗಲು ನಾವು ಬರುತ್ತೇವೆಂದು ಇನ್ನೂ ಒಳಗೆ ಹೋಗಿರುತ್ತದೆ. ಅಥವಾ ಈ ಗುಹೆಯನ್ನೇ ಬಿಟ್ಟಿರುತ್ತದೆ. ಎರಡು ವರ್ಷದಿಂದ ನಾನು ನೋಡಿಲ್ಲ."

ಆಮೇಲೆ ದೀಪ ಆರಿಸಿದರು. ಒಂದು ನಿಮಿಷ, ಎಂದಿದ್ದರು. ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಿಳಿಯದ ಕತ್ತಲೆ. ಮಕ್ಕಳ ಪಿಸುಮಾತು ನಿಂತಿತು. ನನ್ನ ಕೈಯೊಳಗೆ ಒಂದು ಸಣ್ಣ ಕೈ ಬಂತು. ಯಾರದೆಂದು ಗೊತ್ತಿಲ್ಲ. ಹದಿನೇಳರದು ಎಂದು ನಂಬಲು ಬಹಳ ಆಸೆಯಿತ್ತು, ಹಾಗೆಂದೇ ಎಷ್ಟೋ ಜನರಿಗೆ ಹೇಳಿದ್ದೇನೆ. ದೀಪ ಹತ್ತಿದಾಗ ಕೈ ಬಿಟ್ಟಿತ್ತು, ಹದಿನೇಳು ಆ ಬದಿಯ ಗೋಡೆಗೆ ಒರಗಿದ್ದಳು. ಮಗಳು ಹೇಳುವ ಪ್ರಕಾರ ಆ ಕೈ ಅವಳದೇ.

ಮೇಲೆ ಬಂದಾಗ ಮೊಳೆಗಳೆಲ್ಲ ತುಂಬಿದವು.

*

ಊಟವಾಯಿತು. ಚಿತ್ರಾನ್ನ, ಪರೋಟ, ಹೆಸರು ಮರೆತವರಿಗೂ ಚಿಪ್ಸ್. ಚಾಲಕರು ನಮಾಜು ಮುಗಿಸಿ ಬಂದರು. ಗೇಟಿನಲ್ಲಿ ಕಾವಲಿನ ಯುವಕ ಬಸ್ಸನ್ನು ನಿಲ್ಲಿಸಿ ಎರಡು ಕಾಗದ ಕೇಳಿದ, ನನ್ನಲ್ಲಿದ್ದ ಮೊಹರಿನ ಪಟ್ಟಿ ಮತ್ತು ಹಿರಿಯರ ಪುಸ್ತಕ. ಒಳಗೆ ಹೋದವರೇ ಹೊರಗೆ ಬಂದಿದ್ದಾರೆಯೇ ಎಂದು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವುದು ಅಲ್ಲಿನ ನಿಯಮವಂತೆ. ಅದು ನನಗೆ ಗೊತ್ತಿರಲಿಲ್ಲ. "ಕಾಗದದ ಹೆಸರು ಗೇಟಿಗೆ" ಎಂದು ಹಿರಿಯರು ಹೇಳಿದಾಗ ನಾನು ಮುಂದೆ ಯೋಚಿಸಿರಲಿಲ್ಲ.

ಯುವಕ ಬೆರಳಿಟ್ಟು ಒಂದೊಂದೇ ಸಾಲು ಇಳಿದ. ಮನೆಯಲ್ಲಿ ಕರೆಯುವ ಹೆಸರು, ಕಾಗದದ ಹೆಸರು. ಕೆಲವು ಸ್ವಲ್ಪ ಬೇರೆ ಇದ್ದೇ ಇರುತ್ತವೆ. ಆದರೆ ಅರ್ಧಕ್ಕಿಂತ ಕೆಳಗೆ ಒಂದು ಕಡೆ ಅವನ ಬೆರಳು ನಿಂತಿತು. ಅವನು ಹಿರಿಯರನ್ನು ಏನೋ ಕೇಳಿದ. ಬಿಂತ್, ಹುಡುಗಿ, ಎಂಬ ಶಬ್ದ ಮಾತ್ರ ನನಗೆ ಸಿಕ್ಕಿತು. ಹಿರಿಯರು ನನ್ನನ್ನು ನೋಡಲಿಲ್ಲ, ಬಸ್ಸನ್ನೂ ನೋಡಲಿಲ್ಲ. ಎರಡು ಮಾತು ಹೇಳಿದರು. ಯುವಕ ತಲೆಯೆತ್ತಿ ಬಸ್ಸಿನ ಕಿಟಕಿಗಳ ಕಡೆ ನೋಡಿದ. ಕಿಟಕಿಗಳಲ್ಲಿ ಇಪ್ಪತ್ತೆಂಟು ಮುಖ, ಒಬ್ಬಳು ಜಡೆ ಕಚ್ಚುತ್ತಿದ್ದಾಳೆ. ಹಿರಿಯರು ಪುಸ್ತಕ ಮುಚ್ಚಿದರು. "ತಮಾಮ್," ಎಂದರು. ಸರಿಯಿದೆ ಎಂದರ್ಥ. ಯುವಕ ಸಹಿ ಹಾಕಿದ.

ಮಗಳ ನೆನಪಿನಲ್ಲಿ ಹಿರಿಯರು ಪುಸ್ತಕ ಮುಚ್ಚಲಿಲ್ಲ, ಪುಸ್ತಕದ ಮೇಲೆ ಚಹಾದ ಲೋಟ ಇಟ್ಟರು. ಕಿಟಕಿಯಿಂದ ಅವಳಿಗೆ ಕಂಡದ್ದು ಅದು. ಚಹಾ ಎಲ್ಲಿಂದ ಬಂತು ಎಂದು ಕೇಳಿದರೆ, "ಅಲ್ಲಿ ಎಲ್ಲರ ಕೈಯಲ್ಲೂ ಚಹಾ ಇರ್ತಿತ್ತಲ್ಲ ಅಮ್ಮಾ," ಎನ್ನುತ್ತಾಳೆ.

ನಾನು ಹಿರಿಯರಿಗೆ ಶುಕ್ರನ್, ಧನ್ಯವಾದ, ಎಂದೆ. ಅವರು ಎದೆಗೆ ಕೈಯಿಟ್ಟು, "ಆ ಪ್ರಶ್ನೆ ಕೇಳುವ ಹುಡುಗಿ. ಅವಳು ಇನ್ನೊಮ್ಮೆ ಬರಲಿ," ಎಂದರು. ಗೇಟಿನವನಿಗೆ ಏನು ಹೇಳಿದಿರೆಂದು ನಾನು ಕೇಳಲಿಲ್ಲ.

ಚಾಲಕರಿಗೆ ಅರಬ್ಬಿ ನೀರು ಕುಡಿದಂತೆ ಬರುತ್ತಿತ್ತು. ಆಗ ಅವರು ಬಸ್ಸಿನ ಮುಂದಿನ ಚಕ್ರದ ಬಳಿ, ಆ ಇಬ್ಬರಿಂದ ನಾಲ್ಕೇ ಹೆಜ್ಜೆಯಲ್ಲಿ ಬಗ್ಗಿದ್ದರು. ಬಸ್ಸು ಹೊರಟ ಮೇಲೆ ಕೇಳಿದೆ.

"ಅವರು ಏನು ಮಾತಾಡಿದ್ರು?"

"ಯಾರು?"

"ಗೇಟಿನವನೂ ಆ ಹಿರಿಯರೂ."

"ನಾನು ಟಯರ್ ನೋಡ್ತಾ ಇದ್ದೆ ಟೀಚರೇ."

"ಕೇಳಿಸಲಿಲ್ವಾ?"

"ಟಯರ್ ನೋಡುವಾಗ ನನಗೆ ಕಿವಿ ಕೇಳುದಿಲ್ಲ. ನೀವು ಸ್ವಲ್ಪ ಮಲಗಿ, ಮುಖ ಎಲ್ಲ ಬಿಳಿಚಿಕೊಂಡಿದೆ."

ಬರುವ ದಾರಿಯ ಚೆಕ್‌ಪಾಯಿಂಟಿನಲ್ಲಿ ಸೂರ್ಯ ಇಳಿಯುತ್ತಿತ್ತು. ನಾನು ಫೈಲು ಹಿಡಿದು ಎದ್ದು ನಿಂತೆ. ಪೊಲೀಸ್ ಹಳದಿ ಬಸ್ಸನ್ನು ನೋಡಿ ಮುಂದೆ ಹೋಗೆಂದು ಕೈ ಬೀಸಿದ. ಅಷ್ಟೇ. ಇಡೀ ದಿನ ನಾನು ಹೆದರಿದ್ದು ಅದಕ್ಕೆ, ಅದು ಒಂದು ಕೈ ಬೀಸಿದಷ್ಟರಲ್ಲಿ ಮುಗಿಯಿತು. ಹದಿನೇಳು ಆಗ ನಿದ್ದೆಯಲ್ಲಿದ್ದಳು. ಶಾಲೆಯ ಗೇಟಿನಲ್ಲಿ ತಾಯಿ ಬಿಸಿ ಬಿಸಿ ಗೋಳಿಬಜೆಯ ಡಬ್ಬಿ ಹಿಡಿದು ನಿಂತಿದ್ದರು. ಅದನ್ನು ನನ್ನ ಕೈಗಿಟ್ಟು, ಮಗಳ ತಲೆಯನ್ನು ಮುಟ್ಟಿ ಮುಟ್ಟಿ ನೋಡಿದರು, ಸರಿಯಾದ ಮಗುವೇ ಬಂದಿದೆಯೇ ಎಂದು ನೋಡುವವರ ಹಾಗೆ.

ಕೆಲವು ತಿಂಗಳ ನಂತರ, ಕಾಗದವಿಲ್ಲದವರು ದಂಡವಿಲ್ಲದೆ ಊರಿಗೆ ಹೋಗಬಹುದೆಂದು ಸರಕಾರ ಅವಕಾಶ ಕೊಟ್ಟಾಗ ಅವರು ಮೂವರೂ ಮಂಗಳೂರಿಗೆ ಹೊರಟರು. ತಾಯಿ ಫೋನಿನಲ್ಲಿ ವಿದಾಯ ಹೇಳಿದರು. ಹುಡುಗಿಯ ಹತ್ತಿರ ಮಾತಾಡಲೇ ಎಂದು ನಾನು ಕೇಳಲಿಲ್ಲ. ಮಾತಾಡಿದರೆ ಯಾವ ಹೆಸರು ಹೇಳಿದೆ ಎಂಬ ಆ ಪ್ರಶ್ನೆ ಕೇಳಬೇಕಿತ್ತು. ಅಂದು ಬೆಳಿಗ್ಗೆ ಒಂದು ಮಗುವಿಗೆ ಸುಳ್ಳು ಹೇಳಿಸಿ, ಮಧ್ಯಾಹ್ನ ಅದೇ ಮಗು ದಾರಿ ಕೇಳಿದಾಗ ತಲೆ ಓಲಾಡಿಸಿದ್ದನ್ನು ಒಪ್ಪಿಕೊಳ್ಳಬೇಕಿತ್ತು.

ಮೊನ್ನೆ ಕೇಳಿದೆ. ಮಗಳ ಫೋನಿನಲ್ಲಿ ಅವಳ ನಂಬರು ಇತ್ತು. ಅವಳೀಗ ಮಂಗಳೂರಿನಲ್ಲಿ ಬಿ.ಕಾಂ. ಮುಗಿಸಿ ಒಂದು ಆಫೀಸಿನಲ್ಲಿದ್ದಾಳೆ. ಉದ್ದಕ್ಕೆ ಬರೆದು ಅಳಿಸಿ, ಕೊನೆಗೆ ಒಂದೇ ಸಾಲು ಕಳಿಸಿದೆ: ಗುಹೆಯ ಮುಂದೆ ಆ ಮುದುಕರಿಗೆ ಯಾವ ಹೆಸರು ಹೇಳಿದೆ? ಉತ್ತರ ಧ್ವನಿಯಲ್ಲಿ ಬಂತು. ಹಿಂದೆ ಸ್ಕೂಟರುಗಳ ಸದ್ದು.

"ಮ್ಯಾಮ್! ನೀವಾ? ಆ ದಿನ ನಂಗೆ ಸರೀ ನೆನಪುಂಟು. ಆ ಮುಳ್ಳುಬಾಲದ ಉಡ, ಆ ಮೂಳೆಗಳು, ಒಳಗೆ ಎಂತ ತಂಪು! ಹೆಸರಾ? ನಾನು ಬೇರೆ ಹೆಸರಲ್ಲಿ ಬಂದದ್ದಾ? ಹೌದಾ ಮ್ಯಾಮ್?" ಆಮೇಲೆ ನಗು.

ಆ ನಗುವನ್ನು ಹತ್ತಾರು ಸಲ ಕೇಳಿದ್ದೇನೆ. ನಿಜವಾಗಿ ಮರೆತವಳ ನಗುವೋ, ನನ್ನನ್ನು ಉಳಿಸಿದವಳ ನಗುವೋ ತಿಳಿಯಲಿಲ್ಲ. ಆ ಪುಸ್ತಕದಲ್ಲಿ ಯಾವ ಹೆಸರು ಇತ್ತೆಂದು ನನಗೆ ಗೊತ್ತಿಲ್ಲ. ಹಿರಿಯರು ಗೇಟಿನಲ್ಲಿ ಏನು ಹೇಳಿದರೆಂದು ಗೊತ್ತಿಲ್ಲ. ನಾನು ತಲೆಯಾಡಿಸಿದ್ದು ಯಾವ ಹೆಸರಿಗೆ ಎಂಬುದೂ ಗೊತ್ತಿಲ್ಲ.